ಮಣ್ಣಿಗೆ ಹದ ಬರುವ ಮುನ್ನ

ನಮ್ಮ ತರಕಾರಿ ತೋಟದ್ದು ಜೇಡಿಮಣ್ಣು. ಒಮ್ಮೆ ನೀರು ಕುಡಿಯಿತೆಂದರೆ ಸುಲಭಕ್ಕೆ ಬಿಡುವುದಿಲ್ಲ. ಈ ಸಲ ಬಿತ್ತನೆಯ ಹೊತ್ತಿಗೆ ಸರಿಯಾಗಿ ಮಳೆ ಹಿಡಿದುಕೊಂಡಿತು. ನಡುವೆ ಒಂದಿಷ್ಟು ಬಿಸಿಲು ಬಿದ್ದಾಗ ಮೇಲ್ಮಣ್ಣಿನ ಬಣ್ಣ ತುಸು ತಿಳಿಯಾಗುತ್ತಿತ್ತು, ಅಷ್ಟೇ. ಒಳಗೆ ಕೆಸರು ಹಾಗೇ ಇತ್ತು. ಬೀಜದ ಪೊಟ್ಟಣಗಳು ಕೈಯಲ್ಲಿವೆ, ಮಡಿ ಮಾಡಲು ನೆಲವಿಲ್ಲ. ನೆಲ ಆರುವವರೆಗೆ ಕಾಯುತ್ತ ಕೂತರೆ ಹಂಗಾಮು ಜಾರುತ್ತದೆ, ಕಾಯದೆ ಬಿತ್ತಿದರೆ ಬೀಜ ಕೊಳೆಯುತ್ತದೆ. ಹಾಗಾಗಿ ಬೀಜದ ಕೆಲಸವನ್ನೂ ನೆಲದ ಕೆಲಸವನ್ನೂ ಬೇರ್ಪಡಿಸಿ, ಎರಡನ್ನೂ ಒಟ್ಟೊಟ್ಟಿಗೆ ನಡೆಸಿದೆ. ಅದು ನಡೆದ ಬಗೆಯನ್ನು ಇಲ್ಲಿ ಬರೆದಿದ್ದೇನೆ.

ಮೊದಲು ನೋಡಿದ್ದು ನೆಲ ನಿಜಕ್ಕೂ ಎಷ್ಟು ಒದ್ದೆಯಾಗಿದೆ ಎಂದು. ಮೇಲಿನ ಮಣ್ಣು ನೋಡಿ ಏನೂ ಹೇಳಲಾಗದು. ಒಂದು ಗೇಣು ಆಳದಿಂದ ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡಿದೆ. ಹದವಾದ ಮಣ್ಣಾದರೆ ಉಂಡೆಯನ್ನು ಹೆಬ್ಬೆರಳಿನಿಂದ ಒತ್ತಿದ ಕೂಡಲೇ ಪುಡಿಪುಡಿಯಾಗಿ ಉದುರಬೇಕು. ಇದು ಉದುರಲಿಲ್ಲ, ಹೆಬ್ಬೆರಳು ಒಳಕ್ಕಿಳಿದು, ಬೆರಳಿನ ಗೆರೆಗಳು ಕೂಡ ಮಣ್ಣಿನ ಮೇಲೆ ಅಚ್ಚೊತ್ತಿದವು. ಅಂಗೈಗಳ ನಡುವೆ ಹೊಸೆದರೆ ಉದ್ದನೆಯ ಬತ್ತಿಯಾಯಿತು. ತೋಟದ ಅತಿ ತಗ್ಗಿನ ಮೂಲೆಯಲ್ಲಿ ತೆಗೆದ ಮಣ್ಣಿಗೆ ಕೊಳೆತ ಮೊಟ್ಟೆಯ ವಾಸನೆ ಬೇರೆ, ಅಲ್ಲಲ್ಲಿ ಬೂದು-ನೀಲಿ ಮಚ್ಚೆಗಳು. ಗಾಳಿಯಿಲ್ಲದ ಕಡೆ ಬದುಕುವ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಬಿಡುವುದರಿಂದ ಆ ವಾಸನೆ ಬರುತ್ತದೆ. ಆಮ್ಲಜನಕ ಸಿಗದೆ ಮಣ್ಣಿನ ಕಬ್ಬಿಣ ತನ್ನ ಕೆಂಪು ಕಳೆದುಕೊಂಡಾಗ ಆ ಬಣ್ಣ ಮೂಡುತ್ತದೆ. ಅಂದರೆ ಆ ಮೂಲೆಯಲ್ಲಿ ನೀರು ನಿಂತು ಬಹಳ ಕಾಲವಾಗಿದೆ.

ಇಂಥ ಮಣ್ಣಿಗೆ ಗುದ್ದಲಿ ಹಾಕಲೇಬಾರದು. ಅಗೆದರೆ ಬೇಗ ಆರುತ್ತದೆ ಎಂದು ತೋರುತ್ತದೆ, ಆಗುವುದು ಬೇರೆ. ಒದ್ದೆ ಜೇಡಿಮಣ್ಣಿನ ಕಣಗಳು ಒತ್ತಡಕ್ಕೆ ಒಂದರ ಮೇಲೊಂದು ಜಾರಿ ಮೆತ್ತಿಕೊಳ್ಳುತ್ತವೆ, ನಡುವಿನ ಸಂದುಗಳು ಮುಚ್ಚಿಹೋಗುತ್ತವೆ. ಆರಿದ ಮೇಲೆ ಸಿಗುವುದು ಇಟ್ಟಿಗೆಯಂಥ ಹೆಂಟೆ. ಅದು ಮತ್ತೆ ಸಡಿಲವಾಗಲು ವರ್ಷಗಳೇ ಬೇಕಾಗಬಹುದು. ತುಳಿದಾಡಿದರೂ ಅದೇ ಪಾಡು. ಅದಕ್ಕೇ ನೆಲಕ್ಕೆ ಹದ ಬರುವವರೆಗೂ ಮಡಿಯ ಮೇಲೆ ಕಾಲಿಡಲಿಲ್ಲ. ಹೋಗಲೇಬೇಕಾದಾಗ ಅಗಲವಾದ ಹಲಗೆ ಹಾಸಿ ಅದರ ಮೇಲೆ ನಡೆದೆ. ಮೈಭಾರ ಒಂದೇ ಕಡೆ ಬೀಳದೆ ಹಲಗೆಯುದ್ದಕ್ಕೂ ಹಂಚಿಹೋಗುತ್ತದೆ.

ಒದ್ದೆ ನೆಲದಲ್ಲಿ ಬೀಜ ಯಾಕೆ ಸಾಯುತ್ತದೆ ಎಂಬುದು ತಿಳಿದರೆ ಉಳಿದ ಕೆಲಸವೆಲ್ಲ ತಾನಾಗಿ ಸರಿಹೋಗುತ್ತದೆ ಎಂದು ನನ್ನ ನಂಬಿಕೆ. ನೀರು ಹೆಚ್ಚಾಗಿ ಸಾಯುತ್ತದೆ ಎನ್ನುತ್ತೇವೆ; ಬೀಜ ಸಾಯುವುದು ಉಸಿರುಗಟ್ಟಿ. ಒಣ ಬೀಜ ಇದ್ದೂ ಇಲ್ಲದಷ್ಟು ಉಸಿರಾಡುತ್ತದೆ. ನೀರು ಕುಡಿದು ಉಬ್ಬಿದೊಡನೆ ಒಳಗೆ ಕೂಡಿಟ್ಟ ಪಿಷ್ಟ, ಎಣ್ಣೆ ಕರಗತೊಡಗುತ್ತವೆ, ಉಸಿರಾಟ ಒಮ್ಮೆಲೇ ಏರುತ್ತದೆ, ಆಮ್ಲಜನಕ ಬೇಕೇಬೇಕಾಗುತ್ತದೆ. ಆದರೆ ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನವಾಗಿ ನೀರಿನಲ್ಲಿ ಹರಡುತ್ತದೆ. ಮಣ್ಣಿನ ಸಂದುಗಳೆಲ್ಲ ನೀರಿನಿಂದ ತುಂಬಿದ್ದರೆ ಬೀಜದ ಬಳಿಗೆ ಗಾಳಿ ತಲುಪುವುದೇ ಇಲ್ಲ. ಭತ್ತದ ಬೀಜ ನೀರಿನೊಳಗೂ ಮೊಳೆಯಬಲ್ಲದು, ಅದರ ಕಟ್ಟೇ ಬೇರೆ. ತರಕಾರಿ ಬೀಜಗಳಿಗೆ ಆ ಶಕ್ತಿ ಇಲ್ಲ.

ಕಣ್ಣಾರೆ ನೋಡೋಣವೆಂದು ತೋಟದ ಅಂಚಿನಲ್ಲಿ ಹಿಡಿಯಷ್ಟು ಬೀನ್ಸ್ ಬೀಜ ಊರಿ, ವಾರ ಕಳೆದು ತೆಗೆದು ನೋಡಿದೆ. ಬೀಜ ಎರಡು ಪಾಲು ಉಬ್ಬಿತ್ತು. ಬೆರಳಲ್ಲಿ ಹಿಡಿದಾಗ ಸಿಪ್ಪೆ ಜಾರಿ ಕೈಗೆ ಬಂತು. ಬೇಳೆಗಳ ನಡುವೆ ಬೂದು ಬಣ್ಣದ ಲೋಳೆ, ಹುಳಿ ನಾತ. ಮೊಳಕೆ ಬರಬೇಕಿದ್ದ ಜಾಗದಲ್ಲಿ ಕಂದುಬಣ್ಣದ ಒಂದು ಚುಕ್ಕೆ ಮಾತ್ರ ಉಳಿದಿತ್ತು. ಬೀನ್ಸ್, ಬಟಾಣಿಯಂಥ ದಪ್ಪ ಬೀಜಗಳು ತಣ್ಣನೆಯ ನೀರನ್ನು ಗಬಗಬನೆ ಕುಡಿದಾಗ ಒಳಗಿನ ಪೊರೆಗಳಿಗೆ ಪೆಟ್ಟಾಗಿ ಸಕ್ಕರೆ ಅಂಶ ಹೊರಗೆ ಸೋರುತ್ತದೆ. ಆ ಸಕ್ಕರೆಯ ಜಾಡು ಹಿಡಿದು ಪಿಥಿಯಮ್ ಎಂಬ ರೋಗಾಣು ಬರುತ್ತದೆ. ಶಿಲೀಂಧ್ರದಂತೆ ಕಂಡರೂ ಇದು ಬೇರೆಯೇ ಗುಂಪಿನ ಜೀವಿ, ನೀರುಬೂಷ್ಟು ಎನ್ನಬಹುದು. ಇದರ ಬೀಜಕಣಗಳಿಗೆ ಬಾಲವಿದೆ, ನೀರಿನಲ್ಲಿ ಈಜುತ್ತವೆ. ಮಣ್ಣು ನೀರು ತುಂಬಿ ನಿಂತಿದ್ದರೆ ಅವಕ್ಕೆ ದಾರಿ ತೆರೆದಂತೆಯೇ.

ಇದರ ಮೇಲೆ ತಂಪು. ನೀರು ತುಂಬಿದ ಮಣ್ಣು ಬಿಸಿಲಿಗೆ ಬೇಗ ಕಾಯುವುದಿಲ್ಲ. ಟೊಮೆಟೊ ಬೀಜ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ವಾರದಲ್ಲಿ ಮೇಲೇಳುತ್ತದೆ, 15 ಡಿಗ್ರಿಯಲ್ಲಿ ಎರಡು ವಾರ ತೆಗೆದುಕೊಳ್ಳುತ್ತದೆ, 10 ಡಿಗ್ರಿಗಿಳಿದರೆ ತಿಂಗಳು ದಾಟಿದರೂ ಆಶ್ಚರ್ಯವಿಲ್ಲ. ಮೆಣಸಿನಕಾಯಿ ಇನ್ನೂ ನಿಧಾನ. ಮಣ್ಣಿನಲ್ಲಿ ಬೀಜ ಹೆಚ್ಚು ದಿನ ಕಳೆದಷ್ಟೂ ಕೊಳೆಯುವ ಅವಕಾಶ ಹೆಚ್ಚು.

ಆದ್ದರಿಂದ ಬೀಜಗಳನ್ನು ಸಸಿ ಬೆಳೆಸುವ, ಸಾಲುಸಾಲು ಗುಳಿಗಳಿರುವ ಟ್ರೇಗೆ ಹಾಕುವುದೆಂದು ತೀರ್ಮಾನಿಸಿದೆ. ಆದರೆ ಎಲ್ಲವನ್ನೂ ಹಾಕಲಿಲ್ಲ. ಟೊಮೆಟೊ, ಬದನೆ, ಮೆಣಸಿನಕಾಯಿ, ಎಲೆಕೋಸು, ಹೂಕೋಸು, ಲೆಟ್ಯೂಸ್, ಈರುಳ್ಳಿ, ಇವು ಸಸಿ ಮಾಡಿ ನಾಟಿ ಮಾಡಿದರೆ ಚೆನ್ನಾಗಿಯೇ ಹೊಂದಿಕೊಳ್ಳುತ್ತವೆ. ಸೌತೆ, ಕುಂಬಳ, ಬೆಂಡೆ, ಬೀನ್ಸ್‌ಗಳ ಬೇರು ಅಲುಗಿದರೆ ಗಿಡ ಮುನಿಸಿಕೊಳ್ಳುತ್ತದೆ. ಅವಕ್ಕೆ ಕಾಗದದ ಕುಂಡ ಮಾಡಿ, ಕುಂಡದ ಸಮೇತ ನೆಡಬೇಕು, ಅದೂ ಎಳೆಯದಿರುವಾಗಲೇ. ಕ್ಯಾರೆಟ್, ಮೂಲಂಗಿಯನ್ನು ಮಾತ್ರ ಟ್ರೇಯ ತಂಟೆಗೇ ಒಯ್ಯಲಿಲ್ಲ. ಅವುಗಳ ತಾಯಿಬೇರೇ ನಮಗೆ ಬೇಕಾದ ಗೆಡ್ಡೆ. ಅದರ ತುದಿ ಚಿವುಟಿಹೋದರೆ ಕವಲೊಡೆಯುತ್ತದೆ. ಅವು ನೆಲ ಹದಗೊಳ್ಳುವವರೆಗೆ ಪೊಟ್ಟಣದಲ್ಲೇ ಇರಲಿ ಎಂದು ಬಿಟ್ಟೆ.

ಎಲ್ಲವನ್ನೂ ಒಂದೇ ದಿನ ಬಿತ್ತುವ ಆತುರ ಬೇಡ. ಮೆಣಸಿನಕಾಯಿ, ಬದನೆಗೆ ನಾಟಿಗೆ ಬರಲು ಐದಾರು ವಾರವಾದರೂ ಬೇಕು, ಟೊಮೆಟೊಗೆ ನಾಲ್ಕೈದು ವಾರ, ಸೌತೆ-ಕುಂಬಳಕ್ಕೆ ಎರಡು-ಮೂರು ವಾರ ಸಾಕು. ನೆಲ ಯಾವಾಗ ಸಿದ್ಧವಾಗುತ್ತದೆಂದು ಗೊತ್ತಿಲ್ಲದಿರುವಾಗ ನಿಧಾನದ ಬೆಳೆಗಳನ್ನು ಮೊದಲು ಬಿತ್ತಿ, ಬೇಗ ಬೆಳೆಯುವವನ್ನು ಕೈಯಲ್ಲಿ ಉಳಿಸಿಕೊಳ್ಳುವುದು ಒಳ್ಳೆಯದು. ಮಳೆ ಇನ್ನೂ ಮುಂದುವರಿದರೆ ಟ್ರೇಯಲ್ಲಿ ಬಲಿತ ಸಸಿಗಳಿಂದಲೇ ತೊಂದರೆ ಶುರು. ಬೇರು ಗುಳಿಯೊಳಗೆ ಸುತ್ತು ಹಾಕುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ. ಹೂಕೋಸಂತೂ ಹೀಗೆ ತಡೆಯಾದರೆ ಅಂಗಿಯ ಗುಂಡಿಯಷ್ಟು ಚಿಕ್ಕ ಹೂ ಬಿಟ್ಟು ಸುಮ್ಮನಾಗುತ್ತದೆ.

ಟ್ರೇಗೆ ತೋಟದ ಮಣ್ಣು ತುಂಬಲಿಲ್ಲ. ಇದಕ್ಕೆ ರೋಗದ ಭಯ ಒಂದು ಕಾರಣ. ಅದಕ್ಕಿಂತ ದೊಡ್ಡದು ನೀರಿನ ನಡೆ. ಯಾವುದೇ ಕುಂಡದ ತಳದಲ್ಲಿ, ರಂಧ್ರವಿದ್ದರೂ, ಸ್ವಲ್ಪ ಎತ್ತರದವರೆಗೆ ನೀರು ಇಳಿಯದೆ ಹಾಗೇ ನಿಲ್ಲುತ್ತದೆ. ಆ ಎತ್ತರವನ್ನು ನಿರ್ಧರಿಸುವುದು ತುಂಬಿದ ಮಿಶ್ರಣದ ಸಂದುಗಳ ಗಾತ್ರ; ಕುಂಡದ ಆಳಕ್ಕೂ ಅದಕ್ಕೂ ಸಂಬಂಧವಿಲ್ಲ. ಆಳದ ಕುಂಡದಲ್ಲಿ ಈ ಒದ್ದೆ ಪದರ ತಳದ ಒಂದು ಪಾಲಾದರೆ, ನಾಲ್ಕೈದು ಸೆಂಟಿಮೀಟರ್ ಆಳದ ಗುಳಿಯಲ್ಲಿ ಅದೇ ಪದರ ಬಹುಪಾಲು ಜಾಗ ನುಂಗುತ್ತದೆ. ನುಣುಪು ಜೇಡಿ ತುಂಬಿದರೆ ಗುಳಿ ಪೂರ್ತಿ ಕೆಸರು, ಹೊರಗಿನ ನೆಲದ ಪಾಡೇ ಮತ್ತೆ ಇಲ್ಲಿ. ತಳಕ್ಕೆ ಕಲ್ಲುಚೂರು ಹಾಕಿದರೆ ನೀರು ಬಸಿಯುತ್ತದೆ ಎಂದು ಎಷ್ಟೋ ಜನ ಹೇಳುತ್ತಾರೆ. ಹಾಗೆ ಮಾಡಿದರೆ ಒದ್ದೆ ಪದರ ಕಲ್ಲಿನ ಮೇಲಕ್ಕೆ, ಬೇರಿನ ಹತ್ತಿರಕ್ಕೇ ಬಂದು ಕೂರುತ್ತದೆ.

ನಾನು ತುಂಬಿದ್ದು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಜರಡಿ ಹಿಡಿದ ಹಳೆಯ ಕಾಂಪೋಸ್ಟ್, ಮತ್ತೆ ಪರ್ಲೈಟ್ ಎಂಬ ಹಗುರವಾದ ಬಿಳಿ ಹರಳು. ಕೋಕೋಪೀಟ್ ಎರಡು ಪಾಲು, ಉಳಿದವು ಒಂದೊಂದು ಪಾಲು. ಕೋಕೋಪೀಟ್‌ನಲ್ಲಿ ಉಪ್ಪಿನಂಶ ಇರುವ ಸಂಭವ ಹೆಚ್ಚು, ಎಳೆ ಬೇರಿಗೆ ಅದು ಒಗ್ಗದು. ಬಳಸುವ ಮುನ್ನ ಒಳ್ಳೆಯ ನೀರಿನಲ್ಲಿ ತೊಳೆದು ಹಿಂಡಿದೆ. ಪರ್ಲೈಟ್ ಇಲ್ಲದವರು ದಪ್ಪ ಮರಳು ಹಾಕಬಹುದು. ನುಣ್ಣನೆಯ ಮರಳು ಸಂದುಗಳನ್ನೇ ಮುಚ್ಚುತ್ತದೆ. ಕಲಸಿದ ಮಿಶ್ರಣವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿದಾಗ ಬೆರಳ ಸಂದಿನಲ್ಲಿ ಒಂದೆರಡು ಹನಿ ಕಾಣಿಸಿಕೊಂಡರೆ ಸರಿ. ಧಾರೆಯಾಗಿ ಇಳಿದರೆ ಹರಡಿ ಆರಿಸಬೇಕು. ಗುಳಿಗೆ ತುಂಬುವಾಗ ಬೆರಳಿನಿಂದ ಅದುಮಲಿಲ್ಲ, ಟ್ರೇಯನ್ನು ಮೇಜಿಗೆ ಮೆಲ್ಲನೆ ತಟ್ಟಿ ಕೂರಿಸಿದೆ.

ಬಿತ್ತುವ ಆಳ ಬೀಜದ ದಪ್ಪದ ಎರಡು-ಮೂರು ಪಟ್ಟು. ಲೆಟ್ಯೂಸ್ ಬೀಜ ಮೊಳೆಯಲು ಬೆಳಕು ಬೇಡುವುದರಿಂದ ಅದನ್ನು ಮೇಲೆಯೇ ಉದುರಿಸಿ ಬೆರಳಲ್ಲಿ ತುಸು ಒತ್ತಿ ಬಿಟ್ಟೆ. ಮೇಲೆ ಪ್ಲಾಸ್ಟಿಕ್ ಹೊದಿಸಿ ಬೆಚ್ಚನೆಯ ಜಾಗದಲ್ಲಿಟ್ಟೆ. ಒಂದು ಮೊಳಕೆ ತಲೆ ಎತ್ತಿದರೂ ಸಾಕು, ಹೊದಿಕೆ ತೆಗೆದುಬಿಡಬೇಕು.

ಬೀನ್ಸ್ ಮತ್ತು ಸೌತೆಗೆ ಬೇರೆ ದಾರಿ ಹಿಡಿದೆ. ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಬಟ್ಟೆಯ ಮೇಲೆ ಬೀಜಗಳನ್ನು ಒಂದಕ್ಕೊಂದು ತಾಗದಂತೆ ಹರಡಿ ಮಡಿಸಿ, ಸಡಿಲವಾಗಿ ಮುಚ್ಚಿದ ಡಬ್ಬಿಯಲ್ಲಿ ಇಟ್ಟೆ. ದಿನಕ್ಕೊಮ್ಮೆ ಬಿಡಿಸಿ ಗಾಳಿ ಆಡಿಸುವುದು, ಲೋಳೆ ಬಂದ ಬೀಜ ಕಂಡರೆ ತೆಗೆದೆಸೆಯುವುದು, ಇಷ್ಟೇ ಕೆಲಸ. ನೀರಿನಲ್ಲಿ ಮುಳುಗಿಸಿಡುವುದಕ್ಕಿಂತ ಇದು ಎಷ್ಟೋ ಮೇಲು: ದಪ್ಪ ಬೀಜ ನಿಧಾನವಾಗಿ ನೀರು ಹೀರುತ್ತದೆ, ಪೊರೆ ಹರಿಯುವುದಿಲ್ಲ, ಉಸಿರಿಗೂ ಕೊರತೆಯಿಲ್ಲ. ಬಿಳಿ ಬೇರು ಎರಡು-ಮೂರು ಮಿಲಿಮೀಟರ್ ಇಣುಕಿದ ಕೂಡಲೇ ಬೀಜದ ಮೈ ಹಿಡಿದು, ಬೇರು ಕೆಳಮುಖವಾಗಿರುವಂತೆ ಕಾಗದದ ಕುಂಡಕ್ಕೆ ಸಾಗಿಸಿದೆ. ಇನ್ನೂ ಉದ್ದ ಬಿಟ್ಟರೆ ಬೇರು ಬಟ್ಟೆಯ ಎಳೆಯೊಳಗೆ ನುಗ್ಗುತ್ತದೆ, ಬಿಡಿಸುವಾಗ ಮುರಿಯುತ್ತದೆ. ಹಳೆಯ ಬೀಜಗಳಿದ್ದರೆ ಇದೇ ಬಟ್ಟೆಯಲ್ಲಿ ಹತ್ತು ಬೀಜ ಇಟ್ಟು ಎಷ್ಟು ಮೊಳೆಯುತ್ತವೆ ಎಂದೂ ನೋಡಿಕೊಳ್ಳಬಹುದು.

ಸಸಿ ಎದ್ದ ಮೇಲಿನ ವಾರಗಳೇ ನನಗೆ ಹೆಚ್ಚು ಎಚ್ಚರದವು. ಹೊರಗೆ ಮೋಡ, ಗಾಳಿಯಲ್ಲಿ ತೇವ, ಟ್ರೇಯ ನೀರು ಆವಿಯಾಗುವುದೇ ಕಡಿಮೆ. ಇಂಥ ಹೊತ್ತಿನಲ್ಲಿ ಗಡಿಯಾರ ನೋಡಿ ನೀರು ಹಾಕಬಾರದು. ನಾನು ಟ್ರೇಯ ಅಂಚನ್ನು ಎತ್ತಿ ಭಾರ ನೋಡುತ್ತಿದ್ದೆ. ನೀರುಂಡ ಟ್ರೇಗೂ ಬಾಯಾರಿದ ಟ್ರೇಗೂ ಇರುವ ವ್ಯತ್ಯಾಸ ಒಂದೆರಡು ದಿನದಲ್ಲಿ ಕೈಗೆ ತಿಳಿದುಬಿಡುತ್ತದೆ. ಹಗುರವೆನಿಸಿದಾಗ ಮಾತ್ರ ತಟ್ಟೆಯಲ್ಲಿ ನೀರಿಟ್ಟು ಕೆಳಗಿನಿಂದ ಕುಡಿಸಿ, ಅರ್ಧ ಗಂಟೆಯಲ್ಲಿ ಉಳಿದದ್ದನ್ನು ಚೆಲ್ಲುತ್ತಿದ್ದೆ. ಮೇಲ್ಪದರ ಒಣಗಿದ್ದರೆ ರೋಗಾಣುವಿಗೆ ನೆಲೆ ಸಿಗದು, ಹಸಿರು ಪಾಚಿ ಕಟ್ಟದು, ಅಣಬೆನೊಣಗಳೂ ಮೊಟ್ಟೆ ಇಡಲು ಬರುವುದು ಕಡಿಮೆ.

ಅಷ್ಟಾದರೂ ಗೋಡೆಗೆ ಒತ್ತಿದ್ದ ಒಂದು ಟ್ರೇಯ ಮೂಲೆಯಲ್ಲಿ ಟೊಮೆಟೊ ಸಸಿಗಳು ಬೆಳಗಾಗುವಷ್ಟರಲ್ಲಿ ಒರಗಿದ್ದವು. ಎಲೆ ಹಸಿರಾಗಿಯೇ ಇದೆ, ಬಾಡಿಲ್ಲ. ಮಣ್ಣಿಗೆ ತಾಗುವ ಜಾಗದಲ್ಲಿ ಕಾಂಡ ನೀರು ಹೀರಿದಂತಾಗಿ ದಾರದಷ್ಟು ಸಣ್ಣಗಾಗಿದೆ. ಇದೇ ಸಸಿ ಕೊಳೆ ರೋಗ. ಪಿಥಿಯಮ್ ಜೊತೆಗೆ ರೈಜೋಕ್ಟೋನಿಯ ಎಂಬ ಶಿಲೀಂಧ್ರವೂ ಇದನ್ನು ತರುತ್ತದೆ. ಬಿದ್ದ ಸಸಿಯನ್ನು ಬದುಕಿಸುವ ಮದ್ದಿಲ್ಲ. ಆ ಗುಳಿಗಳನ್ನೂ ಸುತ್ತಲಿನ ಒಂದು ಸಾಲನ್ನೂ ಮಿಶ್ರಣದ ಸಮೇತ ತೆಗೆದು ದೂರ ಎಸೆದೆ, ಟ್ರೇಯನ್ನು ಗೋಡೆಯಿಂದ ಈಚೆ ಎಳೆದೆ, ಚಿಕ್ಕ ಫ್ಯಾನ್ ಇಟ್ಟು ಗಾಳಿ ಸದಾ ಆಡುವಂತೆ ಮಾಡಿದೆ. ಒತ್ತೊತ್ತಾಗಿ ಎದ್ದ ಕಡೆ ಕತ್ತರಿಯಿಂದ ಕತ್ತರಿಸಿ ತೆಳು ಮಾಡಿದೆ; ಕಿತ್ತರೆ ಪಕ್ಕದ ಸಸಿಯ ಬೇರೂ ಅಲುಗುತ್ತದೆ. ರೋಗ ಅಲ್ಲಿಗೇ ನಿಂತಿತು.

ಫ್ಯಾನ್‌ನಿಂದ ಇನ್ನೊಂದು ಲಾಭವಿದೆ. ಗಾಳಿಗೆ ಅಲುಗಾಡುವ ಸಸಿ ಗಿಡ್ಡವಾಗಿ, ಕಾಂಡ ದಪ್ಪವಾಗಿ ಬೆಳೆಯುತ್ತದೆ. ಫ್ಯಾನ್ ಇಲ್ಲದಿದ್ದರೆ ದಿನಕ್ಕೊಂದೆರಡು ಸಲ ಅಂಗೈಯನ್ನು ಸಸಿಗಳ ತುದಿಯ ಮೇಲೆ ಮೆತ್ತಗೆ ಸವರಿದರೂ ಆದೀತು. ಬೆಳಕಿನ ಕೊರತೆಗೆ ಮಾತ್ರ ಬೆಳಕೇ ಬೇಕು. ಮೋಡದ ದಿನಗಳಲ್ಲಿ ಕಿಟಕಿಯ ಪಕ್ಕದ ಸಸಿಗಳು ಬೆಳಕು ಹುಡುಕುತ್ತ ಉದ್ದುದ್ದ, ಬಿಳಿಚಿಕೊಂಡು ಬೆಳೆಯುತ್ತವೆ. ಎಲ್‌ಇಡಿ ದೀಪವನ್ನು ಸಸಿಗಳಿಂದ ಒಂದು ಗೇಣಿನೊಳಗೆ ಇಳಿಬಿಟ್ಟು ದಿನಕ್ಕೆ 14ರಿಂದ 16 ಗಂಟೆ ಉರಿಸಿದೆ. ದೊಡ್ಡ ಕುಂಡಕ್ಕೆ ಬದಲಿಸುವಾಗ ಬೀಜದಳ ಹಿಡಿದು ಎತ್ತಬೇಕು, ಕಾಂಡ ಹಿಡಿಯಬಾರದು. ಎಲೆ ಹರಿದರೆ ಇನ್ನೊಂದು ಬರುತ್ತದೆ, ಜಜ್ಜಿದ ಕಾಂಡಕ್ಕೆ ಬದಲಿಲ್ಲ.

ಇತ್ತ ನೆಲದ ಕೆಲಸವೂ ನಡೆದಿತ್ತು. ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ, ಅದು ಇಂಗಿದ ಮೇಲೆ ಮತ್ತೆ ತುಂಬಿಸಿ ಗಂಟೆಗೆ ಎಷ್ಟು ಇಳಿಯುತ್ತದೆ ಎಂದು ಅಳೆದೆ. ಗಂಟೆಗೆ ಎರಡರಿಂದ ಐದು ಸೆಂಟಿಮೀಟರ್ ಇಳಿದರೆ ಬಸಿಯುವಿಕೆ ಚೆನ್ನಾಗಿದೆ ಎನ್ನಬಹುದು. ನನ್ನ ಗುಂಡಿಯಲ್ಲಿ ಒಂದು ಸೆಂಟಿಮೀಟರ್ ಕೂಡ ಇಳಿಯಲಿಲ್ಲ. ಹಾಗಾದರೆ ಬರೀ ಕಾಯುವುದರಿಂದ ಪ್ರಯೋಜನವಿಲ್ಲ, ಮಡಿಯನ್ನೇ ನೀರಿನ ಮಟ್ಟಕ್ಕಿಂತ ಮೇಲೆತ್ತಬೇಕು.

ತಗ್ಗಿನ ಮೂಲೆಯಿಂದ ಹೊರಕ್ಕೆ ಬಸಿಗಾಲುವೆ ತೆಗೆದದ್ದು ಮೊದಲ ಕೆಲಸ. ಅಲ್ಲಿ ಬೆಳೆ ಬರುವುದಿಲ್ಲವಾದ್ದರಿಂದ ಆ ಗೆರೆಯಷ್ಟನ್ನು ಒದ್ದೆಯಲ್ಲೇ ಅಗೆದೆ. ಮಡಿಯಾಗಬೇಕಾದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ನಡುವೆ ಎತ್ತರಿಸಿ, ನೀರು ಕಾಲುವೆಗೆ ಜಾರುವಂತೆ ಮಾಡಿದೆ. ಹಾಳೆ ಹೊಸ ಮಳೆಯನ್ನು ತಡೆಯುತ್ತದೆ, ಇರುವ ನೀರನ್ನು ಆರಲೂ ಬಿಡುವುದಿಲ್ಲ. ಆದ್ದರಿಂದ ಬಿಸಿಲು ಬಂದಾಗ ಸುತ್ತಿ ತೆಗೆದು, ಮೋಡ ಕವಿದಾಗ ಮತ್ತೆ ಹರಡಬೇಕು. ಈ ಓಡಾಟ ಬೇಸರ ತರಿಸುತ್ತದೆ ನಿಜ, ಆದರೂ ಬಿಡಬಾರದು. ಹೊದಿಸಿದ ಜಾಗಕ್ಕೂ ಬಿಟ್ಟ ಜಾಗಕ್ಕೂ ಹದ ಬರುವುದರಲ್ಲಿ ವಾರಕ್ಕೂ ಮೀರಿದ ಅಂತರ ಕಂಡೆ.

ಹೊದಿಕೆಯಡಿಯ ಮಣ್ಣಿನ ಉಂಡೆ ಹೆಬ್ಬೆರಳಿಗೆ ಉದುರತೊಡಗಿದ ಮೇಲೆ ಏರುಮಡಿ ಕಟ್ಟಿದೆ. ಅಗಲ ಒಂದು ಮೀಟರ್, ಎರಡೂ ಬದಿಯಿಂದ ನಡುವಿನವರೆಗೆ ಕೈ ಎಟುಕುವಷ್ಟು. ಒಳಗೆ ಕಾಲಿಡುವ ಪ್ರಮೇಯವೇ ಇಲ್ಲ. ಎತ್ತರ 20 ಸೆಂಟಿಮೀಟರ್. ದಾರಿಯ ಮೇಲ್ಮಣ್ಣನ್ನು ಮಡಿಗೆ ಎಳೆದು ಕಾಂಪೋಸ್ಟ್ ಬೆರೆಸಿದೆ, ದಾರಿ ತಾನಾಗಿ ಕಾಲುವೆಯಾಯಿತು.

ಸಸಿಗಳನ್ನು ಹೊರಗಿನ ಗಾಳಿ-ಬಿಸಿಲಿಗೆ ವಾರದಿಂದ ಹತ್ತು ದಿನದವರೆಗೆ ಹಂತಹಂತವಾಗಿ ಒಗ್ಗಿಸಿ ನಾಟಿ ಮಾಡಿದೆ. ಟೊಮೆಟೊವನ್ನು ಕುತ್ತಿಗೆಯವರೆಗೆ ಆಳಕ್ಕೆ ಊರುವುದು ರೂಢಿ. ಕಾಂಡದಿಂದಲೂ ಬೇರು ಬರುತ್ತದೆ, ಗಿಡ ಭದ್ರವಾಗುತ್ತದೆ. ನೆಲ ಈಗಷ್ಟೇ ಆರುತ್ತಿರುವಾಗ ಹಾಗೆ ಮಾಡಬಾರದೆಂಬುದು ನನ್ನ ಅಭಿಪ್ರಾಯ. ಆಳದಲ್ಲಿ ಮಣ್ಣು ಇನ್ನೂ ತಂಪು, ಗಾಳಿಯೂ ಕಡಿಮೆ. ಟ್ರೇಯಲ್ಲಿದ್ದ ಮಟ್ಟಕ್ಕೇ ನೆಟ್ಟು, ಬುಡವನ್ನು ಜೋರಾಗಿ ಅದುಮದೆ, ಆಮೇಲೆ ಮಣ್ಣೇರಿಸಿದೆ. ಮೊದಲ ದಿನಗಳಲ್ಲಿ ಕೆಳಗಿನ ಎಲೆಗಳು ಹಳದಿಯಾದವು. ನೀರು ನಿಂತ ಮಣ್ಣಿನಲ್ಲಿ ಗಿಡಕ್ಕೆ ಸಾರಜನಕ ಒದಗಿಸುವ ನೈಟ್ರೇಟ್ ಒಂದಿಷ್ಟು ಕೊಚ್ಚಿಹೋಗುತ್ತದೆ, ಒಂದಿಷ್ಟನ್ನು ಬ್ಯಾಕ್ಟೀರಿಯಾಗಳು ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ತೆಳುವಾದ ದ್ರವಗೊಬ್ಬರ ಕೊಟ್ಟ ಮೇಲೆ ಹೊಸ ಚಿಗುರು ಹಸಿರಾಗಿಯೇ ಬಂತು.

ಕ್ಯಾರೆಟ್, ಮೂಲಂಗಿ ಬಿತ್ತಿದ್ದು ಎಲ್ಲಕ್ಕಿಂತ ಕೊನೆಗೆ, ಏರುಮಡಿಯ ನೆತ್ತಿಯಲ್ಲಿ. ಜೇಡಿಮಣ್ಣಿನ ಮೇಲೆ ಬಿರುಮಳೆ ಬಿದ್ದು ಆರಿದರೆ ಹೆಪ್ಪುಗಟ್ಟುತ್ತದೆ, ಕ್ಯಾರೆಟ್‌ನ ಕೂದಲಿನಷ್ಟು ಸಣ್ಣ ಮೊಳಕೆಗೆ ಅದನ್ನು ಸೀಳುವ ಬಲವಿಲ್ಲ. ಹಾಗಾಗಿ ಗೀರಿನಲ್ಲಿ ಬೀಜ ಉದುರಿಸಿ, ಮಣ್ಣಿನ ಬದಲು ಜರಡಿ ಹಿಡಿದ ಕಾಂಪೋಸ್ಟ್‌ನಿಂದ ಒಂದು ಸೆಂಟಿಮೀಟರಿನಷ್ಟು ಮುಚ್ಚಿದೆ. ನಡುನಡುವೆ ಮೂಲಂಗಿ ಬೀಜ ಬೆರೆಸಿದ್ದೆ. ಅದು ಬೇಗ ಎದ್ದು ಸಾಲನ್ನು ತೋರಿಸಿಕೊಟ್ಟಿತು, ಕ್ಯಾರೆಟ್ ಏಳುವ ಮುನ್ನವೇ ಕಳೆ ತೆಗೆಯಲು ಅನುಕೂಲವಾಯಿತು. ಈಗ ಮೂಲಂಗಿ ಕಿತ್ತು, ಕ್ಯಾರೆಟ್ ಸಸಿಗಳನ್ನು ಐದು ಸೆಂಟಿಮೀಟರಿಗೊಂದರಂತೆ ತೆಳು ಮಾಡುತ್ತಿದ್ದೇನೆ.